ಒಂದನೇ ನಂಬರ್ ಪಾತ್ರೆಯ ಮಸಿ

ಜುಲೈ 8, ಸೋಮವಾರ

ಪಿಎಚ್‌ಡಿಗೆ ಸೇರಿ ಇವತ್ತಿಗೆ ಒಂದು ವಾರ. ಲ್ಯಾಬಿನ ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ?" ಎಂದು ಮೂರು ಸಲ ಕೇಳಿದೆ. ಎರಡು ಸಲ ಕೇಳಿದ್ದು ಪಂಪಿನ ಸದ್ದಿನಲ್ಲಿ ಮುಳುಗಿಹೋಯಿತು. ಮೂರನೆಯದಕ್ಕೆ ಒಳಗಿನಿಂದ ದನಿ ಬಂತು.

"ಇದೇನು ವಾರ್ಡನ್ ರೂಮೇನಮ್ಮಾ? ತಳ್ಕೊಂಡು ಬಾ."

ಫಿಟ್ಟರ್ ಮಾಮ. ನೀಲಿ ಓವರಾಲ್, ಕಿವಿಯ ಮೇಲೆ ಪೆನ್ಸಿಲ್. ಈ ಲ್ಯಾಬಿನ ಒಂದೊಂದು ಬೋಲ್ಟೂ ಅವರ ಕೈಯಲ್ಲಿ ಕೂತದ್ದಂತೆ. ನಾನು ಹಾಸ್ಟೆಲಿನವಳು ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ದಿನವಿಡೀ ತಲೆ ಕೆಡಿಸಿಕೊಂಡೆ. ಸಂಜೆ ಹೊಳೆಯಿತು. ನನ್ನ ಸ್ಟೀಲ್ ಲೋಟದ ಮೇಲೆ ಕೆಂಪು ಪೇಂಟಿನಲ್ಲಿ ನನ್ನ ಹಾಸ್ಟೆಲ್ ನಂಬರ್ 47 ಇದೆ. ಐದನೇ ಕ್ಲಾಸಿನಿಂದ ಎಮ್ಮೆಸ್ಸಿ ಮುಗಿಯುವವರೆಗೆ ನನ್ನ ತಟ್ಟೆ, ಬಕೆಟ್ಟು, ಟವೆಲ್ಲು ಎಲ್ಲದರ ಮೇಲೂ 47. ಮಾಮ ಆಗಲೇ ನನ್ನನ್ನು "ನಲವತ್ತೇಳು" ಎಂದು ಕರೆಯತೊಡಗಿದ್ದಾರೆ.

ಬೆಂಚಿಗೆ ಕೈ ತಾಗಿದರೂ ಸಾರಿ ಹೇಳುತ್ತೇನಂತೆ. "ಲೆಕ್ಕ ಇಡು ನಲವತ್ತೇಳು, ರೆಕಾರ್ಡ್ ಆಗುತ್ತೆ" ಎಂದು ನಕ್ಕರು. ಇಡುತ್ತೇನೆ.

ಇವತ್ತಿನ ಸಾರಿ: 14.

ಜುಲೈ 10, ಬುಧವಾರ

ಇವತ್ತು ಅಕ್ಕ ನನ್ನನ್ನು ಕೂರಿಸಿಕೊಂಡು ಕೆಲಸ ಹೇಳಿಕೊಟ್ಟರು. ಐದನೇ ವರ್ಷದ ರಿಸರ್ಚ್ ಸ್ಟೂಡೆಂಟ್. ಗೈಡ್ ಮೇಡಂ ಕೂಡ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಥೀಸಿಸ್ ಬರೆದು ಮುಗಿಯುತ್ತಾ ಬಂದಿದೆ. ಸೆಪ್ಟೆಂಬರ್ ಹದಿನೈದರೊಳಗೆ ಸಬ್ಮಿಟ್ ಮಾಡಿದರೆ ಅಕ್ಟೋಬರ್ ಒಂದಕ್ಕೆ ರಿಫೈನರಿಯಲ್ಲಿ ಕೆಲಸಕ್ಕೆ ಸೇರಬಹುದು.

ಮೊದಲು ಒಂದು ಡಬ್ಬ ತೋರಿಸಿದರು. ಭಾರದ ಕಚ್ಚಾ ಎಣ್ಣೆ. ಎಣ್ಣೆ ಅಂದರೆ ಎಣ್ಣೆಯಲ್ಲ, ಡಾಂಬರಿನ ತಮ್ಮ. ಡಬ್ಬ ಬೋರಲು ಹಾಕಿದರೂ ಬೀಳಲಿಲ್ಲ. ಇದನ್ನು ಪೈಪಿನಲ್ಲಿ ಹರಿಯುವಂತೆ ತೆಳುವಾಗಿಸಬೇಕು. ದಪ್ಪ ಗೋಡೆಯ ಉಕ್ಕಿನ ಪಾತ್ರೆಯಲ್ಲಿ ಹಾಕಿ, ಹೈಡ್ರೋಜನ್ ತುಂಬಿ, 380 ಡಿಗ್ರಿಗೆ ನಾಲ್ಕು ಗಂಟೆ ಕಾಯಿಸಬೇಕು. ಜೊತೆಗೆ ಒಂದು ಚಿಟಿಕೆ ಕಪ್ಪು ಪುಡಿ, ಅದೇ ಕ್ಯಾಟಲಿಸ್ಟ್. ನಿಕ್ಕಲ್ ಮತ್ತು ಮಾಲಿಬ್ಡಿನಂನ ಕಣಗಳು. ಎಷ್ಟು ಸಣ್ಣವೆಂದರೆ ನನ್ನ ಒಂದು ಕೂದಲ ದಪ್ಪದಲ್ಲಿ ಹತ್ತು ಸಾವಿರ ಸಾಲಾಗಿ ನಿಲ್ಲಬಹುದು. ಎಣ್ಣೆಯ ಉದ್ದುದ್ದ ಸರಪಳಿಗಳು ಇವುಗಳ ಮೈಮೇಲೆ ತುಂಡಾಗುತ್ತವೆ.

"ತೊಂದರೆ ಏನು ಗೊತ್ತಾ?" ಎಂದರು ಅಕ್ಕ. "ಬಿಸಿಗೆ ಈ ಕಣಗಳು ಸುಮ್ನೆ ಕೂರಲ್ಲ. ಹತ್ತಿರ ಹತ್ತಿರ ಸರಿದು ಒಂದಕ್ಕೊಂದು ಅಂಟ್ಕೊಂಡು ದಪ್ಪ ಆಗ್ತವೆ. ದಪ್ಪ ಆದ್ಮೇಲೆ ಸೋಮಾರಿ. ಎಲ್ಲರ ಪುಡೀನೂ ಮೂರು ನಾಲ್ಕು ಸಲಕ್ಕೆ ಸತ್ತೋಗುತ್ತೆ. ನಂದು ಹತ್ತು ಸಲ ಕಾಯಿಸಿದ್ರೂ ಸಾಯಲಿಲ್ಲ."

ಹೇಳುವಾಗ ಅವರ ಮುಖ ನೋಡಬೇಕಿತ್ತು. ಕಾಯಿಸದ ಎಣ್ಣೆಯ ಮಂದ, ಅಂದರೆ ಅದು ಎಷ್ಟು ಗಟ್ಟಿ ಎಂಬ ಅಳತೆ, 6,200. ಪುಡಿಯ ಮೊದಲ ಬಳಕೆಯಲ್ಲಿ 310ಕ್ಕೆ ಇಳಿಯಿತು. ಅದೇ ಪುಡಿಯನ್ನು ಸೋಸಿ, ತೊಳೆದು, ಒಣಗಿಸಿ ಮತ್ತೆ ಮತ್ತೆ ಹಾಕಿದಾಗ, ಹತ್ತನೇ ಸಲವೂ 325. ಥೀಸಿಸ್ಸಿನ ನಾಲ್ಕನೇ ಚಾಪ್ಟರ್ ಪೂರ್ತಿ ಇದೇ.

ನನಗೆ ಕೊಟ್ಟ ಕೆಲಸ: ಅದೇ ಪುಡಿಯಲ್ಲಿ ಹನ್ನೊಂದನೇ ಮತ್ತು ಹನ್ನೆರಡನೇ ಸಲ ಕಾಯಿಸಿ ರೀಡಿಂಗ್ ಕೊಡುವುದು. ಅಕ್ಕನ ಕೊನೆಯ ಟೇಬಲ್ಲಿಗೆ ಅದು ಬೇಕು. ಸೆಪ್ಟೆಂಬರ್ 30ರ ನನ್ನ ರಿವ್ಯೂಗೂ ಅದೇ. ರಿವ್ಯೂನಲ್ಲಿ ಕಮಿಟಿಗೆ ಒಪ್ಪಿಗೆಯಾಗದಿದ್ದರೆ ಸೀಟು ಹೋಗುತ್ತದೆ. ಹೋದ ವರ್ಷ ಒಬ್ಬನದು ಹೋಯಿತಂತೆ. ಈ ಮಾತನ್ನು ಯಾರೂ ಹೆದರಿಸಲು ಹೇಳಲಿಲ್ಲ, ನಾನೇ ಕೇಳಿ ತಿಳಿದುಕೊಂಡು ಹೆದರಿದೆ.

ಇವತ್ತಿನ ಸಾರಿ: 11.

ಜುಲೈ 13, ಶನಿವಾರ

ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಒಂದನೇ ನಂಬರ್ ಪಾತ್ರೆ, ಅಂದರೆ ಅಕ್ಕನ ಪಾತ್ರೆ, ಮುಚ್ಚಳ ತೆಗೆದು ಬೆಂಚಿನ ಮೇಲಿತ್ತು. ಒಳಗೆ ಇಣುಕಿದೆ. ಅಯ್ಯೋ ದೇವರೇ! ಗೋಡೆಗೆ ಮಸಿ ಹೆಪ್ಪುಗಟ್ಟಿ ಕೂತಿದೆ, ಉಗುರು ಹಾಕಿದರೂ ಏಳುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಭಾನುವಾರದ ಇನ್‌ಸ್ಪೆಕ್ಷನ್‌ಗೆ ಇಂಥ ಪಾತ್ರೆ ಸಿಕ್ಕಿದ್ದರೆ ಇಡೀ ಡಾರ್ಮಿಟರಿಗೆ ಸಿನಿಮಾ ಕಟ್.

ಮೂರು ಗಂಟೆ ಕೂತು ತಿಕ್ಕಿದೆ. ಮೊದಲು ಬ್ಲೇಡಿನಲ್ಲಿ ಕೆರೆದೆ, ಆಮೇಲೆ ಪಾಲಿಶ್ ಪೇಸ್ಟು, ಆಮೇಲೆ ಉಕ್ಕಿನ ಜುಂಗು. ಕೊನೆಗೆ ನನ್ನ ಮುಖ ಕಾಣುವಷ್ಟು ಹೊಳೆಯಿತು. ಕೆರೆದ ಮಸಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಲ್ಯಾಬ್ ಕಸಕ್ಕೂ ಲೇಬಲ್ ಬೇಕು ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಸಣ್ಣ ಬಾಟಲಿಗೆ ತುಂಬಿ, ತಾರೀಖು ಬರೆದು, ಅಭ್ಯಾಸಬಲದಿಂದ 47 ಎಂದೂ ಬರೆದು ಸಿಂಕಿನ ಕೆಳಗಿಟ್ಟೆ.

ಅಕ್ಕನಿಗೆ ಸರ್ಪ್ರೈಸ್. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಇವತ್ತಿನ ಸಾರಿ: 0. ಯಾರೂ ಇರಲಿಲ್ಲವಲ್ಲ.

ಜುಲೈ 20, ಶನಿವಾರ

ನಿನ್ನೆ ಹನ್ನೊಂದನೇ ಸಲ ಕಾಯಿಸಿದೆ. ಇವತ್ತು ಬೆಳಿಗ್ಗೆ ಪಾತ್ರೆ ತಣ್ಣಗಾದ ಮೇಲೆ ಮಾಮ ಎಂಟು ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿಕೊಟ್ಟರು. ಎಣ್ಣೆ ಸುರಿದಾಗಲೇ ಗೊತ್ತಾಯಿತು. ಅದು ಸುರಿಯಲಿಲ್ಲ, ಇಳಿಯಿತು.

1,880.

ಮತ್ತೆ ಅಳೆದೆ. 1,880. ಅಳೆಯುವ ಕಡ್ಡಿ ಬದಲಿಸಿ ಅಳೆದೆ. 1,875.

ಪೆನ್ಸಿಲಿನಲ್ಲಿ ಬರೆದುಕೊಂಡು ಹೋಗಿ ಮೇಡಂಗೆ ತೋರಿಸಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಇದೇನಮ್ಮ, ರೀಡಿಂಗ್ ಪೆನ್ಸಿಲಲ್ಲಿ? ಅಳಿಸೋ ಪ್ಲ್ಯಾನ್ ಇದೆಯಾ?"

"ಸಾರಿ ಮೇಡಂ."

"ಎಲ್ಲಿ ತಪ್ಪಾಯ್ತು?"

"ನನ್ನ ಕೈ ತಪ್ಪು ಮೇಡಂ."

"ಕೈ ಅಂದ್ರೆ ಯಾವ ಸ್ಟೆಪ್ಪು?"

ನನಗೆ ಗೊತ್ತಿರಲಿಲ್ಲ. ಪಾತ್ರೆ ತಿಕ್ಕಿದ್ದು ನಾಲಗೆಯ ತುದಿವರೆಗೆ ಬಂತು. ನುಂಗಿದೆ. ಅಕ್ಕ ಏನೂ ಬೈಯಲಿಲ್ಲ. "ಪುಡಿ ಒಣಗಿಸುವಾಗ ಗಾಳಿ ತಾಗಿರ್ಬೇಕು ಕಣೆ, ನಿನ್ನ ಪಾಲಿನದು ಹಾಳಾಯ್ತು ಬಿಡು" ಎಂದು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಸಾರಿ: 23. ರೆಕಾರ್ಡ್.

ಜುಲೈ 24, ಬುಧವಾರ

ಹನ್ನೆರಡನೆಯದು: 1,960. ಇನ್ನೂ ದಪ್ಪ.

ಸಾರಿ: 19.

ಜುಲೈ 30, ಮಂಗಳವಾರ

ಬೋಲ್ಟು ಬಿಚ್ಚುತ್ತಾ ಮಾಮ ಅಂದರು, "ಒಳ್ಳೆ ಕನ್ನಡಿ ಆಗಿದೆಯಲ್ಲ ಪಾತ್ರೆ. ಮೀಸೆ ಟ್ರಿಮ್ ಮಾಡ್ಕೋಬಹುದು."

"ಮಾಮ, ನಿಮಗೆ ಗೊತ್ತಾ?"

"ಹನ್ನೊಂದನೇ ಸಲ ಮುಚ್ಚಳ ಹಾಕಿದ್ದು ಯಾರು, ನಿಮ್ಮ ಮೇಡಮ್ಮಾ? ನಾನೇ ಅಲ್ವಾ. ನೀನಾಗಿ ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ನೀನೋ, ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದ್ದೀಯ."

"ತಿಕ್ಕಬಾರದಿತ್ತಾ?"

"ಬಾರದು ಅಂತ ಎಲ್ಲೂ ಬರ್ದಿಲ್ಲ. ಆದ್ರೆ ನಾನು ಬಂದಾಗಿಂದ ಯಾರೂ ತಿಕ್ಕಿಲ್ಲ. ಎಣ್ಣೆ ಕರಗಿಸೋ ಟಾಲ್ವೀನ್ ಹಾಕಿ ಅಲ್ಲಾಡ್ಸಿ, ಬಟ್ಟೇಲಿ ಒರೆಸಿ ಇಡ್ತಾರೆ, ಅಷ್ಟೆ." ಇನ್ನೊಂದು ಬೋಲ್ಟು ಸಡಿಲಿಸಿ ಕೇಳಿದರು, "ಹೊಸ ಪುಡಿ ಹಾಕಿ ನೋಡಿದ್ಯಾ ಇದ್ರಲ್ಲಿ?"

ನೋಡಿರಲಿಲ್ಲ. ಯಾಕೆ ನೋಡಿರಲಿಲ್ಲ?

ಸಾರಿ: 8. ಅದರಲ್ಲಿ ಮೂರು ಮಾಮನಿಗೆ.

ಆಗಸ್ಟ್ 1, ಗುರುವಾರ

ಹೊಸ ಪುಡಿ, ತಿಕ್ಕಿದ ಪಾತ್ರೆ: 315.

ಅಂದರೆ ಪಾತ್ರೆ ಕೆಟ್ಟಿಲ್ಲ. ನನ್ನ ಕೈಯೂ ಕೆಟ್ಟಿಲ್ಲ! ಹಳೆಯ ಪುಡಿ ಮಾತ್ರ ಸತ್ತಿದೆ. ಆದರೆ ಅದೇ ಪುಡಿ ಅಕ್ಕನ ಕೈಯಲ್ಲಿ ಹತ್ತನೇ ಸಲವೂ ಬದುಕಿತ್ತಲ್ಲ. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಸತ್ತದ್ದು ಹೇಗೆ? ಮನುಷ್ಯರು ಹಾಗೆ ಸಾಯಬಹುದು. ಪುಡಿ ಹಾಗೆ ಸಾಯುವುದಿಲ್ಲ, ನಿಧಾನಕ್ಕೆ ಸಾಯುತ್ತದೆ.

ಸಾರಿ: 6.

ಆಗಸ್ಟ್ 6, ಮಂಗಳವಾರ

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಎಂಟು ತಿಂಗಳ ನಂತರ ರಿಪೇರಿಯಾಗಿ ಬಂದಿದೆ. ಆಪರೇಟರ್ ಕಡ್ಡಿಮೀಸೆಯವರು ಮಹಾ ಸಿಡುಕ. ಒಂದು ಗಂಟೆ ಅವರ ಬಾಗಿಲಲ್ಲಿ ಕಾದೆ. ಹೊಸ ಪುಡಿಯನ್ನು ತೋರಿಸಿದರು: ಸಾಸಿವೆ ಚೆಲ್ಲಿದ ಹಾಗೆ, ಒಂದೊಂದೂ ಬಿಡಿಬಿಡಿ. ಆಮೇಲೆ ಹಳೆಯದು.

ಹಾಸ್ಟೆಲಿನಲ್ಲಿ ಚಳಿಗಾಲದಲ್ಲಿ ನಾವು ಮಂಚಗಳನ್ನು ಎಳೆದು ಜೋಡಿಸಿಕೊಂಡು ಐದಾರು ಮಂದಿ ಒಂದೇ ರಾಶಿಯಾಗಿ ಮಲಗುತ್ತಿದ್ದೆವು. ಬೆಳಿಗ್ಗೆ ಯಾರ ಕಾಲು ಯಾರದೆಂದು ಗೊತ್ತಾಗುತ್ತಿರಲಿಲ್ಲ. ಚಿತ್ರ ಹಾಗೇ ಇತ್ತು. ಇವು ಮಾತ್ರ ಚಳಿಗಲ್ಲ, ಸೆಕೆಗೆ ಹಾಗೆ ಮಾಡುತ್ತವೆ. ಎಂಟು ನ್ಯಾನೋಮೀಟರಿನ ಕಣಗಳು ನಲವತ್ತಕ್ಕೆ ಏರಿವೆ.

"ಇಷ್ಟು ದಪ್ಪ ಆಗೋಕೆ ಎಷ್ಟು ಸಲ ಕಾಯಿಸ್ಬೇಕು?" ಎಂದು ಕೇಳಿದೆ.

"ಐದಾರು ಸಲ ಸಾಕು. ಯಾಕೆ?"

ಚಿತ್ರ ತೆಗೆದುಕೊಂಡು ಬಂದೆ. ಅಕ್ಕ ಮೂರನೇ ಸಲದ ನಂತರ ಚಿತ್ರ ತೆಗೆಸಿಲ್ಲ, ಮೈಕ್ರೋಸ್ಕೋಪ್ ಕೆಟ್ಟಿತ್ತು. ರೀಡಿಂಗ್ ಚೆನ್ನಾಗಿ ಬರುತ್ತಿದ್ದರೆ ಚಿತ್ರ ಯಾರಿಗೆ ಬೇಕು? ಅಂದರೆ ಆರನೇ ಸಲಕ್ಕೇ ಪುಡಿ ಸತ್ತಿತ್ತು. ಹಾಗಾದರೆ ಏಳು, ಎಂಟು, ಒಂಬತ್ತು, ಹತ್ತು? ಎಣ್ಣೆಯನ್ನು ತೆಳು ಮಾಡಿದ್ದು ಯಾರು?

ಅಕ್ಕ ಸುಳ್ಳು ರೀಡಿಂಗ್ ಬರೆದರೇ ಎಂಬ ಯೋಚನೆ ಒಂದು ನಿಮಿಷ ಬಂತು. ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ಅವರ ಪುಸ್ತಕ ತೆಗೆದು ನೋಡಿದೆ. ಎಲ್ಲ ಪೆನ್ನಿನಲ್ಲಿದೆ, ಹೊಡೆದು ತಿದ್ದಿದ್ದೂ ಹಾಗೇ ಕಾಣುತ್ತದೆ. ಸುಳ್ಳು ಬರೆಯುವವರು ಇಷ್ಟು ಗಲೀಜಾಗಿ ಬರೆಯುವುದಿಲ್ಲ.

ಸಾರಿ: 4 ಇರಬೇಕು.

ಆಗಸ್ಟ್ 11, ಭಾನುವಾರ

ಅಮ್ಮನಿಗೆ ಫೋನ್ ಮಾಡಿದೆ. ಸಾಮಾನ್ಯವಾಗಿ ಅವಳು "ಊಟ ಆಯ್ತಾ" ಅನ್ನುತ್ತಾಳೆ, ನಾನು "ಹೂಂ" ಅನ್ನುತ್ತೇನೆ, ಅಷ್ಟೇ. ಇವತ್ತು ಎಲ್ಲ ಬಡಬಡನೆ ಹೇಳಿಬಿಟ್ಟೆ. ಪುಡಿ, ಪಾತ್ರೆ, ಮಸಿ, ತಿಕ್ಕಿದ್ದು.

ಆ ಕಡೆಯಿಂದ ನಗು. ನಿಲ್ಲಲೇ ಇಲ್ಲ.

"ಅಮ್ಮಾ! ನನ್ನ ಸೀಟು ಹೋಗೋ ಹಾಗಿದೆ."

"ಅಲ್ವೇ ಪುಟ್ಟಿ, ಏಳನೇ ಕ್ಲಾಸ್ ರಜೆಯಲ್ಲಿ ಬಂದು ನನ್ನ ಕಾವಲಿ ತಿಕ್ಕಿದ್ದು ಮರೆತೋಯ್ತಾ? ನೀನು ಬೆಳ್ಳಿ ಮಾಡಿಟ್ಟಿದ್ದೆ. ಅದ್ರ ಮೇಲೆ ಹುಯ್ದದ್ದೆಲ್ಲ ಹಿಡ್ಕೊಂಡು ಏಳಲೇ ಇಲ್ಲ. ಮತ್ತೆ ಪಳಗಿಸೋಕೆ ಆರು ತಿಂಗಳು ಬೇಕಾಯ್ತು ನಂಗೆ."

"ಅದು ಬೇರೆ ಅಮ್ಮ."

"ಏನು ಬೇರೆ? ಕಾವಲಿಗೆ ಗೊತ್ತಿರೋ ಕೆಲ್ಸ ಅದ್ರ ಮಸೀಲಿರುತ್ತೆ ಕಣೇ. ಕಬ್ಬಿಣದಲ್ಲಲ್ಲ."

ರಜೆಗೆ ಮಾತ್ರ ಮನೆಗೆ ಹೋಗುತ್ತಿದ್ದ ನನಗೆ ಅಡುಗೆಮನೆ ಎಂದರೆ ಇನ್‌ಸ್ಪೆಕ್ಷನ್ ಮಾಡಬೇಕಾದ ಇನ್ನೊಂದು ರೂಮು. ಅವತ್ತು ಅಮ್ಮ ಬೈದಿರಲಿಲ್ಲ. ಮೂಲೆಯಲ್ಲಿ ನಿಂತು ಕಾವಲಿಗೆ ಎಣ್ಣೆ ಹಚ್ಚುತ್ತಿದ್ದಳು, ದಿನಾ.

ಪಾತ್ರೆಯ ಮಸಿ ಬರೀ ಮಸಿಯಲ್ಲದಿದ್ದರೆ? ಒಂದೊಂದು ಸಲ ಕಾಯಿಸಿದಾಗಲೂ ಒಂದಿಷ್ಟು ಕಣ ಎಣ್ಣೆಯ ಜೊತೆ ಸುಟ್ಟು ಗೋಡೆಗೆ ಅಂಟಿದ್ದರೆ? ಪುಡಿ ಸೋಲುತ್ತಾ ಹೋಗಿದೆ, ಗೋಡೆ ಗೆಲ್ಲುತ್ತಾ ಬಂದಿದೆ. ಎರಡೂ ಸೇರಿ ರೀಡಿಂಗ್ ಇದ್ದಲ್ಲೇ ಇದೆ. ಹಾಗಿರಬಹುದಾ?

ಬಾಟಲಿ ಇನ್ನೂ ಸಿಂಕಿನ ಕೆಳಗಿದೆಯಾ?!

ಆಗಸ್ಟ್ 12, ಸೋಮವಾರ

ಇದೆ.

ಆಗಸ್ಟ್ 14, ಬುಧವಾರ

ಮೊದಲು ಏನೂ ಹಾಕದೆ ಬರೀ ಎಣ್ಣೆ ಕಾಯಿಸಿದೆ. ಬರೀ ಬಿಸಿಗೇ ಎಣ್ಣೆ ಸ್ವಲ್ಪ ತೆಳುವಾಗುತ್ತದೆ, ಎಷ್ಟು ಎಂದು ಗೊತ್ತಿರಬೇಕು. ಅಕ್ಕ ಮೂರು ವರ್ಷದ ಹಿಂದೆ ಪಾತ್ರೆ ಹೊಸದಿದ್ದಾಗ ಇದನ್ನು ಮಾಡಿದ್ದರು, ಆಗ 2,400. ಆಮೇಲೆ ಯಾರೂ ಮಾಡಿಲ್ಲ. ಒಮ್ಮೆ ಮಾಡಿದ್ದನ್ನು ಮತ್ತೆ ಯಾಕೆ ಮಾಡಬೇಕು ಎನ್ನುವುದು ಇಲ್ಲಿನ ರೂಢಿ. ನನಗೆ ಇವತ್ತು ಬಂದದ್ದು 2,380.

ನಾನು ತಿಕ್ಕಿ ತಿಕ್ಕಿ ಪಾತ್ರೆಯನ್ನು ಮೂರು ವರ್ಷ ಹಿಂದಕ್ಕೆ ಕಳಿಸಿದ್ದೇನೆ.

ನಾಳೆ ಮಸಿ ಹಾಕುತ್ತೇನೆ. ಮಾಮ ಬೋಲ್ಟು ಬಿಗಿ ಮಾಡುವುದನ್ನು ನನಗೇ ಬಿಟ್ಟರು. ಎದುರುಬದುರು, ಸ್ವಲ್ಪ ಸ್ವಲ್ಪವೇ, ಮೂರು ಸುತ್ತು. ಸ್ಪ್ಯಾನರ್ ಕಟ್ ಎಂದಾಗ ಕೈಗೆ ಎಷ್ಟು ಖುಷಿ!

ಆಗಸ್ಟ್ 16, ಶುಕ್ರವಾರ

640!

ಪುಡಿ ಇಲ್ಲ. ಒಂದು ಚಿಟಿಕೆಯೂ ಇಲ್ಲ. ಬಾಟಲಿಯ ಮಸಿ ಅರ್ಧ ಗ್ರಾಂ, ಅಷ್ಟೇ. ಎಣ್ಣೆ ಲೋಟದಿಂದ ಲೋಟಕ್ಕೆ ಜೇನಿನ ಹಾಗೆ ಹರಿಯಿತು. ಮಾಮ ಬಗ್ಗಿ ಮೂಸಿ ನೋಡಿ, "ಎಣ್ಣೆ ಒಡ್ದಿದೆ, ವಾಸನೇಲೇ ಗೊತ್ತಾಗುತ್ತೆ" ಎಂದರು. ನಾನು ಅವರ ಓವರಾಲಿನ ತೋಳು ಹಿಡಿದು ಕುಣಿದೆನಂತೆ. ನನಗೆ ನೆನಪಿಲ್ಲ.

ಅದೇ ಮಸಿಯನ್ನು ಸೋಸಿ ತೊಳೆದು ಒಣಗಲು ಇಟ್ಟಿದ್ದೇನೆ. ಎರಡನೇ ಸಲ ಏನು ಮಾಡುತ್ತದೋ.

ಕುಣಿದು ಮುಗಿದ ಮೇಲೆ ಮಾಮ ಮೆತ್ತಗೆ ಕೇಳಿದರು. "ಅಕ್ಕನಿಗೆ ಯಾವಾಗ ಹೇಳ್ತೀಯ? ನಾಲ್ಕನೇ ಚಾಪ್ಟರ್ ಬೈಂಡಿಂಗ್‌ಗೆ ಹೊರಟಿದೆ."

ಆಗಸ್ಟ್ 20, ಮಂಗಳವಾರ

ಎರಡನೇ ಸಲ 655. ಪೆನ್ನಿನಲ್ಲಿ ಬರೆದು, ಪುಸ್ತಕ ಹಿಡಿದುಕೊಂಡು ಅಕ್ಕನ ರೂಮಿನ ಬಾಗಿಲು ತಳ್ಳಿ ಒಳಗೆ ಹೋದೆ. ಅವರು ಥೀಸಿಸ್ಸಿನ ಹಾಳೆಗಳಿಗೆ ಪುಟಸಂಖ್ಯೆ ಸರಿಮಾಡುತ್ತಿದ್ದರು.

"ಅಕ್ಕ, ಪುಡಿ ಹಾಕದೆ 640 ಬಂತು. ಮತ್ತೆ ಹಾಕಿದ್ರೆ 655."

"ಪುಡಿ ಹಾಕದೆ? ಮತ್ತೇನು ಹಾಕಿದೆ?"

"ಒಂದನೇ ಪಾತ್ರೆಯ ಮಸಿ. ನಾನೇ ಕೆರೆದದ್ದು. ಜುಲೈ ಹದಿಮೂರಕ್ಕೆ."

ಎಲ್ಲ ಹೇಳಿದೆ. ಮೈಕ್ರೋಸ್ಕೋಪಿನ ಚಿತ್ರವನ್ನೂ ಇಟ್ಟೆ. ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು, ಬೇರೆ ಕಡೆಯಿಂದ ನೋಡಿದರೆ ಕಣಗಳು ಸಣ್ಣಗಾಗುತ್ತವೇನೋ ಎಂಬಂತೆ.

"ಒಂದು ತಿಂಗಳ ಮೇಲಾಯ್ತು," ಎಂದರು. "ನನ್ನ ಎದುರಿಗೇ ಕೂತು ಟೀ ಕುಡಿದಿದ್ದೀಯ. ಒಂದು ದಿನ ಹೇಳ್ಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು. ದಿನಾ ಅನ್ನಿಸ್ತು."

"ನನ್ನ ಮೂರು ವರ್ಷಾನ ಒಂದು ಶನಿವಾರ ಮಧ್ಯಾಹ್ನ ತಿಕ್ಕಿ ಹಾಕಿಬಿಟ್ಟೆಯಲ್ಲೇ."

ಕಿಟಕಿಯ ಹೊರಗೆ ಗ್ಯಾಸ್ ಸಿಲಿಂಡರಿನ ಲಾರಿ ಬಂದು ನಿಂತಿತು. ಸಿಲಿಂಡರುಗಳನ್ನು ಒಂದೊಂದಾಗಿ ಇಳಿಸುವ ಸದ್ದು. ಅದು ಮುಗಿಯುವವರೆಗೆ ಅಕ್ಕ ಹಾಳೆಗಳ ಅಂಚು ಜೋಡಿಸುತ್ತಿದ್ದರು.

"ಅಕ್ಟೋಬರ್ ಒಂದಕ್ಕೆ ಜಾಯಿನ್ ಆಗ್ಬೇಕು ನಾನು. ಅಪ್ಪ ಎಲ್ಲರಿಗೂ ಹೇಳ್ಕೊಂಡು ಬಂದಾಗಿದೆ." ಆಮೇಲೆ ನನ್ನ ಮುಖ ನೋಡದೆ, "ಇದು ನಮ್ಮಿಬ್ಬರಲ್ಲೇ ಇರಲಿ ಅಂದ್ರೆ ಇರುತ್ತಾ?"

"ಇರಲ್ಲ ಅಕ್ಕ. ರೀಡಿಂಗ್ ಬರ್ದಾಗಿದೆ."

"ಪೆನ್ನಲ್ಲಾ?"

"ಪೆನ್ನಲ್ಲಿ."

"ಹೋಗು," ಎಂದರು.

ಆಗಸ್ಟ್ 23, ಶುಕ್ರವಾರ

ಅಕ್ಕ ಮೂರು ದಿನದಿಂದ ಲ್ಯಾಬಿಗೆ ಬಂದಿಲ್ಲ.

ಮಸಿ ಮೂರನೇ ಸಲ: 630. ಕಡಿಮೆಯಾಗುವುದು ಬಿಟ್ಟು ಇನ್ನೂ ಚೆನ್ನಾಗಿದೆ! ಇದಕ್ಕೆ ಬಿಸಿ ಯಾಕೆ ತಾಗುವುದಿಲ್ಲ? ಕಡ್ಡಿಮೀಸೆಯವರ ಹತ್ತಿರ ಹೋಗಿ ಈಗಲೇ ನೋಡಬೇಕು ಎಂದೆ. "ಸ್ಲಾಟ್ ಇಲ್ಲ" ಎಂದರು. "ನಿಮ್ಮ ಊಟದ ಹೊತ್ತಲ್ಲಿ ಹತ್ತು ನಿಮಿಷ ಕೊಡಿ, ಊಟ ನಾನು ತಂದುಕೊಡ್ತೀನಿ" ಎಂದೆ. ಗೊಣಗುತ್ತಾ ಕೊಟ್ಟರು. ನೋಡತೊಡಗಿದ ಮೇಲೆ ಅವರೇ ಊಟ ಮರೆತರು.

ಕಣಗಳು ಇದ್ದವು. ಎಂಟು, ಒಂಬತ್ತು ನ್ಯಾನೋಮೀಟರ್, ಒಂದೂ ದಪ್ಪವಾಗಿಲ್ಲ. ಒಂದೊಂದರ ಸುತ್ತಲೂ ಇಂಗಾಲದ ಪದರ, ಗೂಡಿನಲ್ಲಿ ಕೂತ ಹಾಗೆ. ಗೂಡಿಗೆ ಸಂದುಗಳಿವೆ, ಎಣ್ಣೆ ಒಳಗೆ ನುಗ್ಗಬಹುದು. ಆದರೆ ಕಣ ಎದ್ದು ಪಕ್ಕದವಳ ಮಂಚಕ್ಕೆ ಹೋಗಲು ದಾರಿಯಿಲ್ಲ.

ಅಕ್ಕ ಮೂರು ವರ್ಷ ಹುಡುಕಿದ್ದು, ಬಿಸಿಗೆ ಜಗ್ಗದ ಕಣ, ಪಾತ್ರೆಯಲ್ಲೇ ಇತ್ತು. ಪುಡಿಯಲ್ಲಿರಲಿಲ್ಲ, ಗೋಡೆಯಲ್ಲಿತ್ತು.

ಇದನ್ನು ಹೇಳಬೇಕು. ಅಕ್ಕ ಫೋನ್ ತೆಗೆಯುತ್ತಿಲ್ಲ. ಚಿತ್ರವನ್ನೇ ಕಳಿಸಿದೆ, ಕೆಳಗೆ ಇಷ್ಟೇ ಬರೆದೆ: "ಅಕ್ಕ, ಇವು ನಿಮ್ಮ ಕಣಗಳೇ."

ಆಗಸ್ಟ್ 26, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಹೋದರೆ ಅಕ್ಕ ಆಗಲೇ ಬಂದಿದ್ದರು. ಕೂದಲು ಮೇಲೆ ಕಟ್ಟಿಕೊಂಡು, ಒಂದನೇ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಹೇಗೆ ತಿಕ್ಕಿದೆ, ತೋರಿಸು."

ಬ್ಲೇಡು, ಪೇಸ್ಟು, ಜುಂಗು ತೆಗೆದುಕೊಟ್ಟೆ. ನಡುವೆ ಇಷ್ಟು ಸಲ ಕಾಯಿಸಿದ್ದರಿಂದ ಮತ್ತೆ ತೆಳ್ಳಗೆ ಮಸಿ ಹಿಡಿದಿತ್ತು. ಒಂದು ಗಂಟೆ ಇಬ್ಬರೂ ಸರದಿಯ ಮೇಲೆ ತಿಕ್ಕಿದೆವು. ಒಂದು ಸಲ ಅವರು "ಮೂಲೆ ಬಿಟ್ಟಿದ್ದೀಯ" ಎಂದರು. "ಅದು ಮೂಲೆ ಅಲ್ಲ, ವೆಲ್ಡಿಂಗ್ ಗೆರೆ" ಎಂದೆ. "ಬಾಯಿ ಬಂದುಬಿಟ್ಟಿದೆ ಇವಳಿಗೆ" ಎಂದು ಮಾಮನಿಗೆ ಹೇಳಿದರು.

ಆಮೇಲೆ ತಮ್ಮ ಹಳೆಯ ಪುಡಿಯಲ್ಲಿ ಉಳಿದಿದ್ದನ್ನು ತಾವೇ ತೂಗಿ, ತಾವೇ ಹಾಕಿ, ಬೋಲ್ಟು ಬಿಗಿದರು.

ಆಗಸ್ಟ್ 27, ಮಂಗಳವಾರ

ಅಕ್ಕನ ಕೈಯಲ್ಲಿ: 1,920.

"ಬಂತು ನೋಡು," ಎಂದರು, ಬಹಳ ದಿನದಿಂದ ಕಾಯುತ್ತಿದ್ದ ನೆಂಟರು ಬಂದ ಹಾಗೆ. ಸಿಂಕಿನ ನಲ್ಲಿ ಬಿಟ್ಟು ಮುಖ ತೊಳೆದುಕೊಂಡರು. ಎರಡು ಸಲ ತೊಳೆದುಕೊಂಡರು. ನಾನು ಟವೆಲ್ ಕೊಟ್ಟೆ. ಅದರ ಮೇಲಿನ 47 ನೋಡಿ ನಕ್ಕರು, ಮತ್ತೆ ಮುಖ ಮುಚ್ಚಿಕೊಂಡರು.

ಮಧ್ಯಾಹ್ನ ಇಬ್ಬರೂ ಮೇಡಂ ರೂಮಿಗೆ ಹೋದೆವು. ಅಕ್ಕನೇ ಹೇಳಿದರು. "ಮೇಡಂ, ನಾಲ್ಕನೇ ಚಾಪ್ಟರ್ ತಪ್ಪು. ಪುಡಿ ಆರನೇ ಸಲಕ್ಕೆ ಸತ್ತಿದೆ. ಬದುಕಿದ್ದು ಪಾತ್ರೆ."

ಮೇಡಂ ಅರ್ಧ ಗಂಟೆ ನಮ್ಮ ಪುಸ್ತಕಗಳನ್ನು ಓದಿದರು. ಓದಿ ಮುಗಿಸಿ, "ಈ ತಪ್ಪಿನಲ್ಲಿ ನಂದೂ ಪಾಲಿದೆ. ಬರೀ ಎಣ್ಣೆಯ ರೀಡಿಂಗ್ ವರ್ಷಕ್ಕೊಂದು ಸಲ ತೆಗೆಸಬೇಕಿತ್ತು ನಾನು" ಎಂದರು. ಪಾತ್ರೆಯನ್ನು ಯಾರನ್ನೂ ಕೇಳದೆ ತಿಕ್ಕಿದ್ದಕ್ಕೂ, ಒಂದು ತಿಂಗಳಿಗೂ ಹೆಚ್ಚು ಮುಚ್ಚಿಟ್ಟದ್ದಕ್ಕೂ ನನಗೆ ಸರಿಯಾಗಿ ಬೈದರು. ಎರಡನೆಯದಕ್ಕೆ ಹೆಚ್ಚು. ಬೈಗುಳ ಮುಗಿದ ಮೇಲೆ ನಾನು ಕೇಳಿದೆ, "ಮೇಡಂ, ಗೋಡೆಯಲ್ಲಿ ಆಗೋದನ್ನ ಬೇಕೂಂತಲೇ ಮಾಡಬಹುದಾ? ಮೊದಲೇ ಕಣಗಳಿಗೆ ಮಸಿ ಹಿಡಿಸಿ ಆಮೇಲೆ ಹಾಕಿದ್ರೆ?"

ಮೇಡಂ ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಿದರು.

"ಹೊಸ ನಾಲ್ಕನೇ ಚಾಪ್ಟರ್," ಎಂದರು ಮೇಡಂ.

ಸೆಪ್ಟೆಂಬರ್ 12, ಗುರುವಾರ

ಅಕ್ಕ ರಿಫೈನರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಿಸೆಂಬರ್ ಕೊನೆಯವರೆಗೆ ಕಾಯುತ್ತಾರಂತೆ. ಆಮೇಲೆ ಗ್ಯಾರಂಟಿಯಿಲ್ಲವಂತೆ. ಅವರ ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿ, "ಆ ತಿಕ್ಕಿದ ಹುಡುಗಿ ಯಾರು, ಒಂದು ಸಲ ಕರ್ಕೊಂಡು ಬಾ" ಎಂದರಂತೆ. ಬೈಯಲೋ ನೋಡಲೋ ಅಕ್ಕನಿಗೂ ಗೊತ್ತಿಲ್ಲ.

ಸಕ್ಕರೆ ನೀರಿನಲ್ಲಿ ಅದ್ದಿ, ಸುಟ್ಟು ಮಸಿ ಹಿಡಿಸಿದ ಮೊದಲ ಪುಡಿ ಕೈಕೊಟ್ಟಿತು. ಪದರ ದಪ್ಪವಾಗಿ ಗೂಡಿನ ಸಂದೆಲ್ಲ ಮುಚ್ಚಿಹೋಗಿದೆ. 2,100. ಅಕ್ಕ ತಲೆಯ ಮೇಲೆ ಕೈಹೊತ್ತು ಕೂತರು. ನಾನು ಸಕ್ಕರೆ ನೀರಿನ ಬದಲು ಅದೇ ಎಣ್ಣೆಯನ್ನು ತೆಳುವಾಗಿ ಹಚ್ಚಿ ಸುಡೋಣ ಎಂದೆ, ಅಮ್ಮ ಕಾವಲಿಗೆ ಮಾಡುತ್ತಿದ್ದ ಹಾಗೆ. ತೆಳ್ಳಗೆ, ಹಲವು ಸಲ. ಅವಸರ ಮಾಡಬಾರದು.

ಸೆಪ್ಟೆಂಬರ್ 23, ಸೋಮವಾರ

ಎಣ್ಣೆಯಲ್ಲಿ ಪಳಗಿಸಿದ ಪುಡಿ, ತಿಕ್ಕಿದ ಪಾತ್ರೆ. ಮೊದಲ ಸಲ 420. ನಾಲ್ಕನೇ ಸಲ 430. ನಾಳೆ ಐದು.

ಪ್ರತಿ ಸಲದ ನಡುವೆ ಪಾತ್ರೆ ತಿಕ್ಕುವುದು ನನ್ನ ಕೆಲಸ. ತೋಳು ನೋಯುತ್ತಿದೆ.

ಸೆಪ್ಟೆಂಬರ್ 30, ಸೋಮವಾರ

ರಿವ್ಯೂ. ಉದ್ದನೆಯ ಮೇಜು, ಆ ಕಡೆ ಮೂವರು. ನಡುವಿನವರು ಫೈಲು ತೆರೆಯದೆಯೇ ಕೇಳಿದರು, "ಈ ಸೆಮಿಸ್ಟರ್ ಏನು ಮಾಡಿದಿರಿ?"

"ಒಂದು ಪಾತ್ರೆ ತೊಳೆದೆ ಸರ್."

ಒಬ್ಬರು ನಕ್ಕರು. ಇನ್ನೊಬ್ಬರು ಮೇಡಂ ಕಡೆ ನೋಡಿದರು. ಮೇಡಂ ಸೀಲಿಂಗ್ ನೋಡುತ್ತಿದ್ದರು. ನಾನು ಎದ್ದು ಬೋರ್ಡಿನ ಮೇಲೆ ಎರಡು ಗೆರೆ ಎಳೆದೆ. ಒಂದು ಇಳಿಯುವ ಪುಡಿಯದು, ಇನ್ನೊಂದು ಏರುವ ಗೋಡೆಯದು. ಎರಡೂ ಸೇರಿದರೆ ಮೋಸದ ಒಂದು ನೇರ ಗೆರೆ. ಕೊನೆಯಲ್ಲಿ ಕೂತಿದ್ದವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅರ್ಧ ಗ್ರಾಂ ಎಂದು ಹೇಗೆ ನಿಗದಿ ಮಾಡಿದಿರಿ, ಉಕ್ಕಿನ ಚೂರೂ ಮಸಿಯಲ್ಲಿ ಸೇರಿರಬಹುದಲ್ಲ, ಎಂದರು. ಒಳ್ಳೆಯ ಪ್ರಶ್ನೆ! ನನಗೆ ಹೊಳೆದೇ ಇರಲಿಲ್ಲ. ಗೊತ್ತಿಲ್ಲ ಎಂದೆ, ಹೇಗೆ ಪರೀಕ್ಷಿಸಬಹುದು ಎಂದು ಅವರನ್ನೇ ಕೇಳಿದೆ. ಅವರು ಎದ್ದು ಬಂದು ಬೋರ್ಡಿನ ಮೇಲೆ ಬರೆಯತೊಡಗಿದರು. ಅಷ್ಟರಲ್ಲಿ ಮುಂದಿನ ಕ್ಯಾಂಡಿಡೇಟ್ ಬಾಗಿಲು ತಟ್ಟುತ್ತಿದ್ದ.

ಸೀಟಿನ ವಿಷಯ ಕೇಳಲು ಮರೆತೆ. ಸಂಜೆ ಮೇಡಂ ಹೇಳಿದರು, ಪಾಸ್ ಅಂತೆ.

ಉಕ್ಕಿನ ಚೂರಿಗೆ ಮ್ಯಾಗ್ನೆಟ್ ಹಿಡಿದು ನೋಡಬೇಕು. ಆದರೆ ನಿಕ್ಕಲ್ಲೂ ಮ್ಯಾಗ್ನೆಟ್ಟಿಗೆ ಹೋಗುತ್ತದಲ್ಲ?

ಅಕ್ಟೋಬರ್ 1, ಮಂಗಳವಾರ

ಅಕ್ಕ ಕೆಲಸಕ್ಕೆ ಸೇರಬೇಕಿದ್ದ ದಿನ. ಎಂಟಕ್ಕೇ ಲ್ಯಾಬಿಗೆ ಬಂದರು, ಕೈಯಲ್ಲಿ ರಟ್ಟಿನ ಹೊದಿಕೆಯ ಒಂದು ಹೊಸ ನೋಟ್‌ಬುಕ್. ಮಾಮನಿಂದ ತೂತು ಕೊರೆಸಿ, ದಾರ ಕಟ್ಟಿಸಿ, ಒಂದನೇ ಪಾತ್ರೆಯ ಸ್ಟ್ಯಾಂಡಿಗೆ ನೇತುಹಾಕಿದರು. ಪೆನ್ನೂ ಕಟ್ಟಿದರು.

"ಇನ್ಮೇಲೆ ಇದ್ರೊಳಗೆ ಏನು ಬಂತು, ಎಷ್ಟು ಹೊತ್ತು ಕಾಯ್ತು, ಯಾರು ತಿಕ್ಕಿದ್ರು, ಎಲ್ಲ ಇದ್ರಲ್ಲಿರ್ಬೇಕು" ಎಂದರು. "ನೀನು ದಿನಾ ಬರ್ಕೊಳ್ತೀಯಲ್ಲ, ಪಾಪ ಇದಕ್ಕೂ ಒಂದು ಇರಲಿ."

ಮೊದಲ ಪುಟ ನಾನೇ ತುಂಬಿಸಿದೆ, ಜುಲೈ ಹದಿಮೂರರಿಂದ ಶುರು ಮಾಡಿ. ಪಳಗಿಸಿದ ಪುಡಿಯ ಎಂಟನೇ ಸಲದ ರೀಡಿಂಗ್ ಇವತ್ತು ತೆಗೆದೆವು. ಎಷ್ಟು ಬಂತು ಎಂಬುದು ಅಲ್ಲಿದೆ. ಬರೆಯಬೇಕಾದದ್ದೆಲ್ಲ ಅದರಲ್ಲೇ ಬರೆದಾಯಿತು.